ಬಾಗಿಲ ಅಂಚಿನ ಕೆಂಪು

ಜುಲೈ ತಿಂಗಳ ಒಂದು ಭಾನುವಾರ. ಉಡುಪಿಯಲ್ಲಿ ಬೆಳಿಗ್ಗೆಯಿಂದ ಬಿಡದೆ ಮಳೆ. ಕಿಟಕಿ ಪಕ್ಕಕ್ಕೆ ಮೇಜು ಎಳೆದುಕೊಂಡು ಕೂತಿದ್ದೆ. ಕೈಯಲ್ಲಿ ಕಿರುಬೆರಳ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು. ಎ-4 ಸ್ಕೈಹಾಕ್ ವಿಮಾನದ ಮಾದರಿಯಲ್ಲಿ ಚಕ್ರದ ಗೂಡನ್ನು ಮುಚ್ಚುವ ಬಾಗಿಲು ಅದು. ಒಳಮೈ ಪೂರ್ತಿ ಬಿಳಿ, ಅಂಚು ಮಾತ್ರ ಕೆಂಪು. ಆ ಕೆಂಪೊಂದು ಬಾಕಿ ಇತ್ತು. ಮೂರು ವಾರದಿಂದ ಅದರಲ್ಲೇ ಸಿಕ್ಕಿಕೊಂಡಿದ್ದೆ.

ಅಮೆರಿಕದ ನೌಕಾಪಡೆಯ ವಿಮಾನಗಳಲ್ಲಿ ಈ ಕೆಂಪು ಇರುವುದು ಚಂದಕ್ಕೆ ಅಲ್ಲ. ಹಡಗಿನ ಮೇಲೆ ವಿಮಾನದ ಅಡಿಯಲ್ಲಿ ಬಗ್ಗಿ ಓಡಾಡುವವರಿಗೆ ತೆರೆದ ಬಾಗಿಲಿನ ತೆಳು ಅಂಚು ಕಣ್ಣಿಗೆ ಬೀಳಬೇಕು, ತಲೆಗೆ ತಾಗಬಾರದು. ಸ್ಕೈಹಾಕ್ ಮೊದಲು ಹಾರಿದ್ದು 1954ರಲ್ಲಿ. ಹಡಗಿನ ವಿಮಾನಗಳಿಗೆ ಸಾಮಾನ್ಯವಾಗಿ ಮಡಚುವ ರೆಕ್ಕೆ ಇರುತ್ತದೆ. ಇದಕ್ಕೆ ಅದೂ ಬೇಕಾಗಲಿಲ್ಲ, ಅಷ್ಟು ಪುಟ್ಟದು. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಎಂಟೂವರೆ ಮೀಟರ್ ಕೂಡ ಇಲ್ಲ. ನನ್ನ ಮಾದರಿ 1:72 ಅಳತೆಯದ್ದು, ಅಂಗೈ ಮೇಲೆ ಕೂರುತ್ತದೆ. ಈ ಅಳತೆಯಲ್ಲಿ ಕೈ ಒಂದು ಮಿಲಿಮೀಟರ್ ಜಾರಿದರೆ ನಿಜವಾದ ವಿಮಾನದಲ್ಲಿ 7 ಸೆಂಟಿಮೀಟರ್ ಜಾರಿದಂತೆ. ಹತ್ತಿರ ಹತ್ತಿರ ನಾಲ್ಕು ಬೆರಳಗಲ. ಅಂಥ ಗೆರೆಯನ್ನು ನೋಡಿ ಸುಮ್ನೆ ಇರಲು ನನ್ನಿಂದ ಆಗುವುದಿಲ್ಲ.

ಮೊದಲು ಕೆಂಪು ಮಾರ್ಕರ್‌ನಲ್ಲಿ ಪ್ರಯತ್ನಿಸಿದ್ದೆ. ಗೆರೆ ಚೆನ್ನಾಗಿಯೇ ಬಂತು. ಮೇಲೆ ವಾರ್ನಿಷ್ ಹೊಡೆದ ಕೂಡಲೇ ಶಾಯಿ ಕರಗಿ, ಬಿಳಿಯೆಲ್ಲ ಗುಲಾಬಿ ಆಯಿತು. ಉಜ್ಜಿ ತೆಗೆದು ಮತ್ತೆ ಬಿಳಿ ಹಚ್ಚಿದೆ. ಆಮೇಲೆ ಅಂಗಡಿಯಲ್ಲಿ ಸಿಕ್ಕಿದ ಅತಿ ಸಣ್ಣ ಬ್ರಷ್ ತಂದೆ, ಮೂರು ಸೊನ್ನೆಯದ್ದು. ಅದರ ತುದಿಯಲ್ಲಿ ಪೇಂಟ್ ನಿಲ್ಲುವುದೇ ಒಂದು ತೊಟ್ಟು. ಅಂಚಿಗೆ ಮುಟ್ಟಿಸುವ ಮೊದಲೇ ಅರ್ಧ ಒಣಗಿರುತ್ತಿತ್ತು.

ಆ ಭಾನುವಾರ ಮಾವ ಮನೆಗೆ ಬಂದರು. ಅಮ್ಮನ ಅಣ್ಣ. ಮಲ್ಪೆಯಲ್ಲಿ ಬೋಟುಗಳಿಗೆ ಪೇಂಟ್ ಹೊಡೆಯುವುದು, ಹೆಸರು ಬರೆಯುವುದು ಅವರ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಅಲ್ವಾ, ಅವರಿಗೆ ಕೈತುಂಬ ಕೆಲಸ ಇರುವುದೇ ಆಗ. ಟಾರ್ಪಾಲಿನ ಅಡಿಯಲ್ಲೂ ಪೇಂಟ್ ಒಣಗದಷ್ಟು ಮಳೆ ಬಂದರೆ ಮಾತ್ರ ರಜೆ.

"ಎಂತ ಮಾಡ್ತಾ ಇದ್ದಿ?" ಎಂದರು.

"ಅಂಚಿಗೆ ಗೆರೆ ಎಳೀಲಿಕ್ಕೆ ಆಗ್ತಾ ಇಲ್ಲ ಮಾವ."

ಅವರು ಕನ್ನಡಕ ಹಾಕಿಕೊಂಡು ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಕೆಂಪು ಯಾಕೆ ಎಂದು ಕೇಳಿದರು, ಹೇಳಿದೆ. ಮತ್ತೆ ಸ್ವಲ್ಪ ಹೊತ್ತು ತಿರುಗಿಸಿ ನೋಡಿದರು.

"ನೀನು ಗೆರೆ ಎಳೆಯುದು ಯಾಕೆ ಮಾರಾಯ? ಗೆರೆ ಅಲ್ಲೇ ಉಂಟಲ್ಲ. ಈ ಅಂಚೇ ಗೆರೆ. ಪೇಂಟನ್ನು ಅದಕ್ಕೆ ಒರೆಸಿದರೆ ಆಯ್ತು."

ಸಣ್ಣ ಬ್ರಷ್ಷನ್ನು ಪಕ್ಕಕ್ಕಿಟ್ಟು, ಡಬ್ಬದಲ್ಲಿದ್ದ ಎರಡನೇ ನಂಬರಿನ ಬ್ರಷ್ ತೆಗೆದುಕೊಂಡರು. ನನ್ನ ಅಕ್ರಿಲಿಕ್ ಕೆಂಪು ಅವರಿಗೆ ಹಿಡಿಸಲಿಲ್ಲ, ಬೇಗ ಒಣಗುತ್ತದೆ ಎಂದರು. ಎನಾಮೆಲ್ ಕೆಂಪಿನ ಪುಟ್ಟ ಡಬ್ಬಿ ಕೊಟ್ಟೆ. ಬ್ರಷ್ ಅದ್ದಿ, ಪೇಪರಿನ ಮೇಲೆ ಎರಡು ಸಲ ಒರೆಸಿ ಹೆಚ್ಚಿನ ಪೇಂಟ್ ತೆಗೆದರು. ಬಾಗಿಲಿನ ಹೊರಮೈಯನ್ನು ನಾನು ಮೊದಲೇ ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿಟ್ಟಿದ್ದೆ. ಆ ಕಡ್ಡಿಯನ್ನು ಎಡಗೈಯಲ್ಲಿ ಹಿಡಿದು, ಎರಡೂ ಮೊಣಕೈ ಮೇಜಿಗೆ ಊರಿದರು. ಬ್ರಷ್ಷನ್ನು ಅಂಚಿಗೆ ಅಡ್ಡವಾಗಿ ಇಟ್ಟರು. ತುದಿಯನ್ನಲ್ಲ, ಕೂದಲಿನ ಹೊಟ್ಟೆಯನ್ನು. ಹಾಗೆಯೇ ಅಂಚಿನುದ್ದಕ್ಕೂ ಒಮ್ಮೆ ಸವರಿದರು. ಬೆರಳು ಅಲುಗಲಿಲ್ಲ, ಮಣಿಕಟ್ಟೂ ಅಲುಗಲಿಲ್ಲ, ಮುಂಗೈ ಮಾತ್ರ ಸರಿಯಿತು. ಕೆಂಪು ಅಂಚಿನ ಮೇಲೆ ಮಾತ್ರ ಕೂತಿತು. ಒಳಗಿನ ಬಿಳಿಗೆ ಬ್ರಷ್ ತಾಗಲೇ ಇಲ್ಲ, ತಾಗುವ ಕೋನದಲ್ಲೇ ಅದು ಇರಲಿಲ್ಲ.

ಬೋಟಿನ ಹಲಗೆಯ ಅಂಚಿಗೂ ಅವರು ಹೀಗೆಯೇ ಬಣ್ಣ ಹಚ್ಚುತ್ತಾರಂತೆ. ಅಲ್ಲಿ ದೊಡ್ಡ ಬ್ರಷ್, ಅಷ್ಟೇ ವ್ಯತ್ಯಾಸ.

ಉಳಿದದ್ದನ್ನು ನನ್ನ ಕೈಗೇ ಕೊಟ್ಟರು. ಬಲಗಡೆಯ ಬಾಗಿಲಿನ ಮೂಲೆಯಲ್ಲಿ ಪೇಂಟ್ ಜಾಸ್ತಿ ಆಗಿ ಬಿಳಿಯ ಮೇಲೆ ಹರಿಯಿತು. ನನ್ನ ಎದೆ ಧಸಕ್ಕೆಂದಿತು. ಮಾವ ಇನ್ನೊಂದು ಬ್ರಷ್ಷನ್ನು ಟರ್ಪೆಂಟೈನ್‌ಗೆ ಅದ್ದಿ, ಬಟ್ಟೆಗೆ ಒತ್ತಿ, ಹರಿದದ್ದನ್ನು ಎಳೆದು ತೆಗೆದರು. ಕೆಳಗಿನ ಬಿಳಿ ಹಾಗೇ ಇತ್ತು. ಅದು ಅಕ್ರಿಲಿಕ್, ಒಣಗಿ ಒಂದು ವಾರ ಆಗಿತ್ತು, ಟರ್ಪೆಂಟೈನ್‌ಗೆ ಅದು ಜಗ್ಗುವುದಿಲ್ಲ. ಬಿಳಿ ಅಕ್ರಿಲಿಕ್, ಕೆಂಪು ಎನಾಮೆಲ್: ಈ ಜೋಡಿಯನ್ನು ನಾನು ಇನ್ನು ಬಿಡುವುದಿಲ್ಲ. ಮೊದಲು ಬಿಳಿ, ಆಮೇಲೆ ಕೆಂಪು. ಉಲ್ಟಾ ಮಾಡಿದರೆ ಎಷ್ಟು ಬಿಳಿ ಹಚ್ಚಿದರೂ ಅಡಿಯಿಂದ ಕೆಂಪು ಇಣುಕುತ್ತದೆ.

ಸಂಜೆ ಮಳೆ ಸ್ವಲ್ಪ ಹೊಳವಾದಾಗ ಮಾವ ಚಾ ಕುಡಿದು ಹೊರಟರು. ಮರುದಿನ ಒಂದು ಬೋಟಿನ ಹೆಸರು ಬರೆಯಲಿಕ್ಕಿತ್ತು. ಬಾಗಿಲುಗಳು ಪೂರ್ತಿ ಒಣಗಲು ನಾಲ್ಕು ದಿನ ಬೇಕಾಯಿತು. ಅವರು ಮಾಡಿದ್ದು ಎಡಗಡೆಯದ್ದು. ಕಪಾಟಿನಲ್ಲಿ ಸ್ಕೈಹಾಕನ್ನು ಎಡಮೈ ಎದುರಿಗೆ ಬರುವಂತೆ ಇಟ್ಟಿದ್ದೇನೆ.