ಪ್ಲಗ್-ಇನ್ ಹೈಬ್ರಿಡ್ ಕೊಳ್ಳುವ ಮುನ್ನ ನಾನು ಹಾಕಿದ ಲೆಕ್ಕ

ಬಳ್ಳಾರಿಯ ನಮ್ಮ ಮನೆಯಿಂದ ತೋರಣಗಲ್ಲಿನ ಕಾರ್ಖಾನೆಗೆ ಹೋಗಿ ಬರಲು ದಿನಕ್ಕೆ ಸುಮಾರು 60 ಕಿಲೋಮೀಟರ್ ಆಗುತ್ತದೆ. ಇದಲ್ಲದೆ ತಿಂಗಳಿಗೊಮ್ಮೆಯಾದರೂ ಅಪ್ಪನನ್ನು ಚಿಕಿತ್ಸೆಗಾಗಿ ಚಳ್ಳಕೆರೆ, ಹಿರಿಯೂರು ಮಾರ್ಗವಾಗಿ ಬೆಂಗಳೂರಿಗೆ ಕರೆದೊಯ್ಯಬೇಕು. ಕೆಲವೊಮ್ಮೆ ರಾತ್ರೋರಾತ್ರಿ ಹೊರಡಬೇಕಾಗುತ್ತದೆ. ಹೆದ್ದಾರಿಯಲ್ಲಿ ಚಾರ್ಜಿಂಗ್‌ಗಾಗಿ ಅಪ್ಪನನ್ನು ಕಾಯಿಸುವುದು ನನಗೆ ಬೇಡವಾಗಿತ್ತು. ಆದ್ದರಿಂದ ದಿನನಿತ್ಯ ಕರೆಂಟಿನಲ್ಲಿ ಓಡಿ, ದೂರದ ಊರಿಗೆ ಪೆಟ್ರೋಲಿನಲ್ಲಿ ಹೋಗುವ ಪ್ಲಗ್-ಇನ್ ಹೈಬ್ರಿಡ್ ನಮಗೆಂದೇ ಮಾಡಿದಂತೆ ತೋರಿತು.

ಅದರ ಜೊತೆ ನಾನು ಹೋಲಿಸಿ ನೋಡಿದ್ದು ಪ್ಲಗ್‌ಗೆ ಹಾಕಬೇಕಿಲ್ಲದ ಸ್ಟ್ರಾಂಗ್ ಹೈಬ್ರಿಡ್‌ಗಳನ್ನು. ಇನ್ನೋವಾ ಹೈಕ್ರಾಸ್, ಗ್ರ್ಯಾಂಡ್ ವಿಟಾರಾದಂಥ ಈ ಕಾರುಗಳ ಬ್ಯಾಟರಿ ಎರಡು ಯೂನಿಟ್‌ಗಿಂತಲೂ ಚಿಕ್ಕದು. ಅದು ಎಂಜಿನ್ ಮತ್ತು ಬ್ರೇಕಿನಿಂದಲೇ ಚಾರ್ಜ್ ಆಗುತ್ತದೆ. ಪ್ಲಗ್-ಇನ್ ಕಾರುಗಳಲ್ಲಿ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಯೂನಿಟ್ ಹಿಡಿಯುವ ಬ್ಯಾಟರಿ ಇರುತ್ತದೆ. ಅದನ್ನು ಮನೆಯಲ್ಲಿ ತುಂಬಿಸದಿದ್ದರೆ ಆ ಭಾರವನ್ನೆಲ್ಲ ಪೆಟ್ರೋಲೇ ಎಳೆಯಬೇಕು. ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಈ ಕಾರುಗಳು ರಸ್ತೆಯಲ್ಲಿ ಉಗುಳುವ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು. ಮಾಲೀಕರು ನಿರೀಕ್ಷಿಸಿದಷ್ಟು ಚಾರ್ಜ್ ಮಾಡದಿರುವುದು ಅದಕ್ಕೆ ಮುಖ್ಯ ಕಾರಣ. ಈ ಅಂಕಿಯನ್ನು ಓದಿದ ಮೇಲೆ ನಾನು ಕಾರಿನ ಕ್ಯಾಟಲಾಗ್ ಬದಿಗಿಟ್ಟು ಮನೆಯ ಕರೆಂಟ್ ಬಿಲ್ ಕೈಗೆತ್ತಿಕೊಂಡೆ.

60 ಕಿಲೋಮೀಟರಿಗೆ, ಚಾರ್ಜ್ ಮಾಡುವಾಗ ಪೋಲಾಗುವುದೂ ಸೇರಿ, 12 ಯೂನಿಟ್ ಬೇಕೆಂದು ಇಟ್ಟುಕೊಂಡೆ. ಯೂನಿಟ್‌ಗೆ 6 ರೂಪಾಯಿಯಂತೆ ದಿನಕ್ಕೆ 72 ರೂಪಾಯಿ. ಲೀಟರಿಗೆ 20 ಕಿಲೋಮೀಟರ್ ಕೊಡುವ ಸ್ಟ್ರಾಂಗ್ ಹೈಬ್ರಿಡ್‌ಗೆ ಮೂರು ಲೀಟರ್ ಪೆಟ್ರೋಲ್, ಅಂದರೆ 300 ರೂಪಾಯಿಗೂ ಹೆಚ್ಚು. 25 ದಿನಕ್ಕೆ ಉಳಿತಾಯ 5,700 ರೂಪಾಯಿ ಎಂದು ಸಂತೋಷಪಟ್ಟಾಗಲೇ ಗೃಹಜ್ಯೋತಿ ನೆನಪಾಯಿತು. ನಮ್ಮ ಮನೆಯ ಬಳಕೆ ತಿಂಗಳಿಗೆ 130 ಯೂನಿಟ್ ಇರುವುದರಿಂದ ಈಗ ಶೂನ್ಯ ಬಿಲ್ ಬರುತ್ತಿದೆ. ಕಾರಿನ 300 ಯೂನಿಟ್ ಸೇರಿದರೆ 200ರ ಮಿತಿ ದಾಟಿ, ಮನೆಯ ಬಳಕೆಗೂ ನಿಗದಿತ ಶುಲ್ಕಕ್ಕೂ ಹಣ ಕಟ್ಟಬೇಕಾಗುತ್ತದೆ. ಸಾವಿರ ರೂಪಾಯಿಗೂ ಮಿಕ್ಕಿ ಅಲ್ಲಿ ಹೋಗುತ್ತದೆ. ವಾಹನಕ್ಕೆಂದೇ ನಮ್ಮ ವಿದ್ಯುತ್ ಕಂಪನಿ ಜೆಸ್ಕಾಂನಿಂದ ಪ್ರತ್ಯೇಕ ಮೀಟರ್ ಪಡೆದರೆ ಇದು ತಪ್ಪೀತು, ಆದರೆ ಅದಕ್ಕೂ ಖರ್ಚಿದೆ. ಎಲ್ಲ ಕಳೆದು ತಿಂಗಳಿಗೆ 4,500 ರೂಪಾಯಿ ಉಳಿಯುತ್ತದೆ ಎಂದರೆ ಎಂಟು ವರ್ಷಕ್ಕೆ 4 ಲಕ್ಷ 32 ಸಾವಿರ.

ಸುರಕ್ಷತೆಯ ವಿಚಾರದಲ್ಲಿ ನನಗೆ ಕಾರಿಗಿಂತ ಮನೆಯ ವೈರಿಂಗ್ ಹೆಚ್ಚು ಚಿಂತೆ ತಂದಿತು. ಅಪಘಾತವಾದಾಗ ಬ್ಯಾಟರಿಯ ಹೈವೋಲ್ಟೇಜ್ ಸಂಪರ್ಕ ತಾನಾಗಿ ಕಡಿದುಹೋಗುವ ವ್ಯವಸ್ಥೆಯನ್ನು ಕಾರು ತಯಾರಿಸುವವರು ಅಳವಡಿಸಿರುತ್ತಾರೆ. ಹಾಲ್‌ನ ಪ್ಲಗ್‌ನಿಂದ ಕಿಟಕಿಯ ಮೂಲಕ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ರಾತ್ರಿಯಿಡೀ ಕಾರು ಚಾರ್ಜ್ ಮಾಡಿದರೆ ಆ ತಂತಿ ಬಿಸಿಯಾಗುವುದನ್ನು ತಡೆಯುವವರು ಯಾರೂ ಇಲ್ಲ. ಅಡುಗೆಮನೆಯ ಮಿಕ್ಸಿ ಓಡುವುದು ಐದು ನಿಮಿಷ. ಕಾರು ಹತ್ತು ಆಂಪಿಯರ್ ಕರೆಂಟನ್ನು ಐದಾರು ಗಂಟೆ ಬಿಡದೆ ಎಳೆಯುತ್ತದೆ. ಹೀಗಾಗಿ ಮೀಟರ್ ಬೋರ್ಡಿನಿಂದಲೇ ಪೋರ್ಟಿಕೋಗೆ ಪ್ರತ್ಯೇಕ ಲೈನ್, 16 ಆಂಪಿಯರ್ ಸಾಕೆಟ್, 30 ಮಿಲಿಆಂಪಿಯರ್ ಸೋರಿಕೆಗೇ ಟ್ರಿಪ್ ಆಗುವ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ ಮತ್ತು ಹೊಸ ಅರ್ಥಿಂಗ್ ಮಾಡಿಸಿದೆ. ನಮ್ಮದು ಎರೆಭೂಮಿ, ಬೇಸಿಗೆಯಲ್ಲಿ ಮಣ್ಣು ಒಣಗಿ ಬಿರಿದಾಗ ಅರ್ಥಿಂಗ್ ಗುಂಡಿ ಇದ್ದೂ ಇಲ್ಲದಂತಾಗುತ್ತದೆ, ಆದ್ದರಿಂದ ಅದಕ್ಕೆ ಆಗಾಗ ನೀರು ಹಾಕುತ್ತಿರಬೇಕು. 42 ಡಿಗ್ರಿ ಬಿಸಿಲಿನಲ್ಲಿ ನಿಂತು ಬಂದ ಕಾರನ್ನು ಕೂಡಲೇ ಚಾರ್ಜಿಗೆ ಹಾಕದೆ ರಾತ್ರಿ ತಂಪಾದ ಮೇಲೆ ಹಾಕುವುದು ಒಳ್ಳೆಯದು, ಏಕೆಂದರೆ ಲಿಥಿಯಂ ಬ್ಯಾಟರಿಯನ್ನು ಬೇಗ ಸವೆಸುವುದು ಶಾಖವೇ.

ಅನುಕೂಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾತ್ರಿ ಕರೆಂಟ್ ಹೋದರೂ ಬೆಳಿಗ್ಗೆ ಕೆಲಸ ನಿಲ್ಲುವುದಿಲ್ಲ. ಆದರೆ ಎಷ್ಟೋ ಮಾದರಿಗಳಲ್ಲಿ ಬ್ಯಾಟರಿಗೆ ಜಾಗ ಮಾಡಲು ಸ್ಟೆಪ್ನಿಯನ್ನೇ ತೆಗೆದಿರುತ್ತಾರೆ; ಅದಿರಿನ ಲಾರಿಗಳ ನಡುವೆ ಓಡಾಡುವ ನನಗೆ ಇದು ಸಣ್ಣ ಮಾತಾಗಿ ಕಾಣಲಿಲ್ಲ.

ಕೊನೆಗೆ ದಾರಿ ಕಟ್ಟಿದ್ದು ಬೆಲೆ. ನಮ್ಮ ದೇಶದಲ್ಲಿ ನಾನು ವಿಚಾರಿಸಿದ ಪ್ಲಗ್-ಇನ್ ಹೈಬ್ರಿಡ್‌ಗಳೆಲ್ಲ ಐಷಾರಾಮಿ ವರ್ಗದವು. 2022ರ ಡಿಸೆಂಬರ್‌ನಲ್ಲಿ ಬಂದ ಬಿಎಂಡಬ್ಲ್ಯು ಎಕ್ಸ್‌ಎಂ ಕಾರಿನ ಷೋರೂಂ ಬೆಲೆಯೇ ಆಗ 2.60 ಕೋಟಿ ರೂಪಾಯಿ ಇತ್ತು. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆಯ ನಂತರವೂ ವಿದ್ಯುತ್ ಕಾರಿಗೆ ಶೇ 5 ತೆರಿಗೆ, ದೊಡ್ಡ ಹೈಬ್ರಿಡ್‌ಗೆ ಶೇ 40. ದಿನವೂ ಮನೆಯಲ್ಲಿ ಚಾರ್ಜ್ ಆಗಿ ಕರೆಂಟಿನಲ್ಲೇ ಓಡಬಲ್ಲ ಕಾರನ್ನು ಕೇವಲ ಪೆಟ್ರೋಲಿನ ದೊಡ್ಡ ಕಾರಿನ ಸಾಲಿನಲ್ಲೇ ಕೂರಿಸಿರುವುದು ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ. ಸ್ಟ್ರಾಂಗ್ ಹೈಬ್ರಿಡ್‌ಗಿಂತ ನಾಲ್ಕು ಲಕ್ಷದೊಳಗೆ ಹೆಚ್ಚಿನ ಬೆಲೆಗೆ ಪ್ಲಗ್-ಇನ್ ಸಿಗುವ ದಿನ ನಾನು ಮೊದಲ ಸಾಲಿನಲ್ಲಿ ನಿಲ್ಲುತ್ತೇನೆ. ಸದ್ಯಕ್ಕೆ ಸ್ಟ್ರಾಂಗ್ ಹೈಬ್ರಿಡ್ ಬುಕ್ ಮಾಡಿದ್ದೇನೆ. ಪೋರ್ಟಿಕೋದ ಹೊಸ ಸಾಕೆಟ್‌ನಲ್ಲಿ ಈಗ ಮನೆಯವಳ ವಿದ್ಯುತ್ ಸ್ಕೂಟರ್ ಚಾರ್ಜ್ ಆಗುತ್ತಿದೆ.