ಗೆಲ್ಲಬಲ್ಲವರೂ ‘ನಾನು ನಿಲ್ಲುವುದಿಲ್ಲ’ ಎನ್ನುವುದೇಕೆ?

ಅಮೆರಿಕದ ಚುನಾವಣೆಗಳ ಬಗ್ಗೆ ಬರೆಯತೊಡಗಿದ ಮೇಲೆ ಊರಿನ ಬಂಧುಗಳೂ ಓದುಗರೂ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಮತದಾನಕ್ಕೆ ಒಂದೂವರೆ ವರ್ಷ ಬಾಕಿ ಇರುವಾಗಲೇ ಅಲ್ಲಿ ಒಬ್ಬರು ಕಣಕ್ಕಿಳಿಯುತ್ತೇನೆಂದು ಘೋಷಿಸುತ್ತಾರೆ. ಗೆಲ್ಲುವ ಸಾಧ್ಯತೆ ಹೆಚ್ಚೆಂದು ಎಲ್ಲರೂ ನಂಬಿದ ಇನ್ನೊಬ್ಬರು ತಾನು ಸ್ಪರ್ಧಿಸುವುದಿಲ್ಲ ಎಂದುಬಿಡುತ್ತಾರೆ. ಇದು ಏಕೆ?

ಉತ್ತರದ ಬೇರು ಟಿಕೆಟ್ ಹಂಚಿಕೆಯಲ್ಲಿದೆ. ನಮ್ಮಲ್ಲಿ ಆಕಾಂಕ್ಷಿಗಳು ಎಷ್ಟೇ ಇದ್ದರೂ ಹೈಕಮಾಂಡ್ ಪಟ್ಟಿ ಬಿಡುಗಡೆ ಮಾಡಿ ಬಿ ಫಾರಂ ಕೊಟ್ಟವರೇ ಪಕ್ಷದ ಅಭ್ಯರ್ಥಿ. ಅಮೆರಿಕದಲ್ಲಿ ಬಿ ಫಾರಂ ಇಲ್ಲ. ಪ್ರೈಮರಿ ಎಂಬ ಒಳಚುನಾವಣೆಯಲ್ಲಿ ಮತದಾರರೇ ಪಕ್ಷದ ಅಭ್ಯರ್ಥಿಯನ್ನು ಆರಿಸುತ್ತಾರೆ. ನಾಯಕರು ಒತ್ತಾಯಿಸಬಹುದು, ಬೆಂಬಲ ಘೋಷಿಸಬಹುದು, ಆದರೆ ಟಿಕೆಟ್ ಬರೆದುಕೊಡಲಾರರು. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಮಿಷಿಗನ್‌ನಿಂದ ಸಂಸತ್ತಿಗೆ ಆಯ್ಕೆಯಾದ ಶ್ರೀ ಥಾನೇದಾರ್ ಹಾಲಿ ಸದಸ್ಯರಾಗಿದ್ದರೂ 2026ರ ಪ್ರೈಮರಿಯಲ್ಲಿ ಅವರ ವಿರುದ್ಧ ಸ್ವಪಕ್ಷೀಯರೇ ಕಣಕ್ಕಿಳಿದದ್ದು ಈ ಕಾರಣಕ್ಕೆ. ಹೀಗಾಗಿ ನಿಲ್ಲಬೇಕೋ ಬೇಡವೋ ಎಂಬ ತೀರ್ಮಾನದ ಭಾರವೆಲ್ಲ ಅಭ್ಯರ್ಥಿಯ ಮೇಲೆಯೇ ಬೀಳುತ್ತದೆ.

ಇಷ್ಟು ಬೇಗ ಘೋಷಿಸುವುದಕ್ಕೆ ಕಾರಣ ಹಣ. 5,000 ಡಾಲರ್‌ಗಿಂತ ಹೆಚ್ಚು ಸಂಗ್ರಹಿಸಿದ ಅಥವಾ ಖರ್ಚು ಮಾಡಿದ ವ್ಯಕ್ತಿ ಕಾನೂನಿನ ಪ್ರಕಾರ ಅಭ್ಯರ್ಥಿಯಾಗುತ್ತಾರೆ, ಮತ್ತು 15 ದಿನಗಳೊಳಗೆ ಫೆಡರಲ್ ಚುನಾವಣಾ ಆಯೋಗಕ್ಕೆ ಪತ್ರ ಸಲ್ಲಿಸಬೇಕಾಗುತ್ತದೆ. 2026ರ ಚುನಾವಣೆಗೆ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಪ್ರೈಮರಿಗೆ 3,500 ಡಾಲರ್, ಮುಖ್ಯ ಚುನಾವಣೆಗೆ ಮತ್ತೆ 3,500 ಡಾಲರ್ ಮಾತ್ರ ಕೊಡಬಹುದು. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸ್ಪರ್ಧೆಗೆ ಬೇಕಾಗುವ ಕೋಟಿಗಟ್ಟಲೆ ಡಾಲರ್‌ಗಳನ್ನು ಇಂಥ ಮಿತಿಯಲ್ಲಿ ಕೂಡಿಸುವುದೆಂದರೆ ಹನಿ ಹನಿಯಾಗಿ ಕೆರೆ ತುಂಬಿಸಿದಂತೆ. ತಡವಾಗಿ ಹೊರಟವರಿಗೆ ಕೆರೆ ತುಂಬುವುದಿಲ್ಲ.

2026ರ ನವೆಂಬರ್ 3ರ ಚುನಾವಣೆಯಲ್ಲಿ ಕೆಳಮನೆಯ ಎಲ್ಲ 435 ಸ್ಥಾನಗಳೂ ಸೆನೆಟ್‌ನ 35 ಸ್ಥಾನಗಳೂ ಪಣಕ್ಕಿವೆ. ಜಾರ್ಜಿಯಾದ ಗವರ್ನರ್ (ರಾಜ್ಯ ಸರ್ಕಾರದ ಚುನಾಯಿತ ಮುಖ್ಯಸ್ಥ) ಬ್ರಯಾನ್ ಕೆಂಪ್ ಅವರು ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಜಾನ್ ಆಸಫ್ ವಿರುದ್ಧ ನಿಲ್ಲಬೇಕೆಂದು ರಿಪಬ್ಲಿಕನ್ ನಾಯಕರು ಬಹಳ ಬಯಸಿದ್ದರು. 2025ರ ಮೇ 5ರಂದು ಕೆಂಪ್ ಒಲ್ಲೆನೆಂದರು. ಅದೇ ವಾರ ರಿಪಬ್ಲಿಕನ್ ಸಂಸದ ಬಡ್ಡಿ ಕಾರ್ಟರ್ ಕಣಕ್ಕಿಳಿದರು, ಆಮೇಲೆ ಇನ್ನೂ ಕೆಲವರು ಬಂದರು. ಉತ್ತರ ಕ್ಯಾರೊಲಿನಾದಲ್ಲಿ ರಿಪಬ್ಲಿಕನ್ ಸೆನೆಟರ್ ಟಾಮ್ ಟಿಲಿಸ್ ಕತೆ ಇನ್ನೂ ತೀವ್ರವಾದುದು. ಅಧ್ಯಕ್ಷ ಟ್ರಂಪ್ ಅವರ ತೆರಿಗೆ ಮತ್ತು ವೆಚ್ಚದ ಬೃಹತ್ ಮಸೂದೆಯನ್ನು ವಿರೋಧಿಸಿದ ಅವರಿಗೆ ಪ್ರೈಮರಿಯಲ್ಲೇ ಪ್ರತಿಸ್ಪರ್ಧಿಯನ್ನು ನಿಲ್ಲಿಸುವ ಬೆದರಿಕೆ ಬಂತು. ಮರುದಿನ, ಜೂನ್ 29ರಂದು, ಮರುಸ್ಪರ್ಧೆ ಇಲ್ಲವೆಂದು ಅವರು ಪ್ರಕಟಿಸಿದರು. ತಿಂಗಳು ತುಂಬುವುದರೊಳಗೆ ಮಾಜಿ ಗವರ್ನರ್ ರಾಯ್ ಕೂಪರ್ ಡೆಮಾಕ್ರಟಿಕ್ ಪಕ್ಷದಿಂದ ಕಣದಲ್ಲಿದ್ದರು.

ಈ ತೀರ್ಮಾನ ಎಷ್ಟು ಕಷ್ಟದ್ದೆಂದು ಯಾರಾದರೂ ಕೇಳಿದರೆ ನಾನು 1991ರ ಡಿಸೆಂಬರ್ 20ನ್ನು ನೆನಪಿಸುತ್ತೇನೆ. ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಗೆ ಹೆಸರು ಸಲ್ಲಿಸಲು ಅದೇ ಕೊನೆಯ ದಿನ. ನ್ಯೂಯಾರ್ಕ್ ಗವರ್ನರ್ ಮಾರಿಯೋ ಕ್ವೋಮೋ ಅವರ ಅಧ್ಯಕ್ಷೀಯ ನಾಮಪತ್ರವನ್ನು ಒಯ್ಯಲು ಆಲ್ಬನಿಯಲ್ಲಿ ವಿಮಾನ ಸಿದ್ಧವಾಗಿ ಕಾಯುತ್ತಿತ್ತು. ಗಡುವು ಇನ್ನೇನು ಮುಗಿಯಲಿದೆ ಎನ್ನುವಾಗ ಹೊರಬಂದ ಅವರು, ರಾಜ್ಯದ ಬಜೆಟ್ ಬಿಕ್ಕಟ್ಟು ಬಗೆಹರಿಯದೆ ತಾನು ಸ್ಪರ್ಧಿಸಲಾರೆನೆಂದರು. ವಿಮಾನ ಅಲ್ಲೇ ಉಳಿಯಿತು.

ಹಿಂದೆ ಸರಿದವರೆಲ್ಲ ಸೋಲಿಗೆ ಹೆದರಿದವರು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ವರ್ಜೀನಿಯಾದ ಸಂಸದೆ ಜೆನಿಫರ್ ವೆಕ್ಸ್‌ಟನ್ 2023ರ ಸೆಪ್ಟೆಂಬರ್‌ನಲ್ಲಿ, ನಡಿಗೆಯನ್ನೂ ಮಾತನ್ನೂ ಕಸಿಯುವ ಗುಣವಾಗದ ನರರೋಗ ತನಗಿದೆಯೆಂದು ತಿಳಿಸಿ, ಮತ್ತೆ ನಿಲ್ಲುವುದಿಲ್ಲ ಎಂದರು. ತೆರವಾಗಲಿದ್ದ ಆ ಒಂದು ಸ್ಥಾನಕ್ಕೆ ಅವರ ಪಕ್ಷದಿಂದಲೇ 12 ಮಂದಿ ಪ್ರೈಮರಿಗೆ ನಿಂತರು. 2024ರ ಜೂನ್‌ನಲ್ಲಿ ಅದರಲ್ಲಿ ಗೆದ್ದವರು ವೆಕ್ಸ್‌ಟನ್ ಬೆಂಬಲಿಸಿದ, ಭಾರತೀಯ ಮೂಲದ ಸುಹಾಸ್ ಸುಬ್ರಮಣ್ಯಂ. ಮುಂದಿನ ತಿಂಗಳು ವೆಕ್ಸ್‌ಟನ್ ಸದನದಲ್ಲಿ ಭಾಷಣ ಮಾಡಿದರು. ತನ್ನ ಹಳೆಯ ಧ್ವನಿಮುದ್ರಣಗಳಿಂದ ಕೃತಕ ಬುದ್ಧಿಮತ್ತೆ ಮರುಸೃಷ್ಟಿಸಿದ ಧ್ವನಿಯಲ್ಲಿ ಅವರು ಮಾತಾಡಿದರು, ಮತ್ತು ಅವಧಿ ಮುಗಿಯುವವರೆಗೂ ಆ ಸ್ಥಾನದಲ್ಲಿದ್ದು ಕೆಲಸ ಮಾಡಿದರು.