ಫಾಸ್ ಗ್ರಾಹಿ: ಸ್ವಂತ ಕಿಣ್ವವಿಲ್ಲದೆ ಕೋಶವನ್ನು ಕೊಲ್ಲುವ ಪ್ರೋಟೀನ್

ಫಾಸ್ ಒಂದು ಗ್ರಾಹಿ, ಅಂದರೆ ಹೊರಗಿನ ಸಂಕೇತವನ್ನು ಹಿಡಿಯುವ ಪ್ರೋಟೀನ್. ಅದಕ್ಕೆ ಕಿಣ್ವದ ಗುಣ ಇಲ್ಲ. ಅದು ಏನನ್ನೂ ಕತ್ತರಿಸುವುದಿಲ್ಲ, ಯಾವುದಕ್ಕೂ ಫಾಸ್ಫೇಟ್ ಅಂಟಿಸುವುದಿಲ್ಲ. ಆದರೂ ಕೋಶಪೊರೆಯ ಮೇಲೆ ಅದನ್ನು ಸರಿಯಾಗಿ ಕೆಣಕಿದರೆ ಕೆಲವೇ ಗಂಟೆಗಳಲ್ಲಿ ಕೋಶ ಸಾಯುತ್ತದೆ. ಲೈಗಂಡ್ (ಗ್ರಾಹಿಗೆ ಅಂಟುವ ಅಣು) ಬಂದು ಕೂತಿತು, ಸಂಕೇತ ಒಳಗೆ ಹೋಯಿತು ಎಂಬ ಪಠ್ಯಪುಸ್ತಕದ ಚಿತ್ರ ಇಲ್ಲಿ ದಾರಿ ತಪ್ಪಿಸುತ್ತದೆ. ಎಷ್ಟು ಗ್ರಾಹಿಗಳು ಸೇರಿವೆ, ಎಷ್ಟು ಒತ್ತಾಗಿ ಸೇರಿವೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ.

1989ರಲ್ಲಿ ಜಪಾನಿನಲ್ಲಿ ಯೊನೆಹಾರಾ, ಜರ್ಮನಿಯಲ್ಲಿ ಕ್ರಾಮರ್ ಅವರ ತಂಡಗಳು ಫಾಸ್‌ಗೆ ಅಂಟಿ ಕೋಶಗಳನ್ನು ಕೊಲ್ಲುವ ಪ್ರತಿಕಾಯಗಳನ್ನು ಬೇರೆಬೇರೆಯಾಗಿ ಕಂಡುಕೊಂಡವು. 1991ರಲ್ಲಿ ನಗಾತಾ ತಂಡ ಫಾಸ್ ಜೀನನ್ನು ಪ್ರತ್ಯೇಕಿಸಿತು. ಫಾಸ್, ಅಪೊ-1, ಸಿಡಿ95 ಎಲ್ಲವೂ ಒಂದೇ ಪ್ರೋಟೀನಿನ ಹೆಸರುಗಳು.

ಮನುಷ್ಯರ ಫಾಸ್ 335 ಅಮೈನೋ ಆಮ್ಲಗಳ ಸರಪಳಿಯಾಗಿ ತಯಾರಾಗುತ್ತದೆ. ಆರಂಭದ ಸಂಕೇತ ಭಾಗ ಆಮೇಲೆ ಕಳಚಿಹೋಗುತ್ತದೆ. ಕೋಶದ ಹೊರಗೆ ಸಿಸ್ಟೀನ್ ತುಂಬಿದ ಮೂರು ಘಟಕಗಳಿವೆ, ಇವುಗಳನ್ನು ಬಿಗಿಯಾಗಿ ಹಿಡಿಯುವುದು ಡೈಸಲ್ಫೈಡ್ ಬಂಧಗಳು. ಪೊರೆಯನ್ನು ಸರಪಳಿ ಒಂದೇ ಸಲ ದಾಟುತ್ತದೆ. ಒಳಗಡೆ ಸುಮಾರು 80 ಅಮೈನೋ ಆಮ್ಲಗಳ, ಆರು ಆಲ್ಫಾ ಸುರುಳಿಗಳ ಕಟ್ಟು ಇದೆ. ಇದೇ 'ಡೆತ್ ಡೊಮೇನ್'. ಸಕ್ಕರೆ ಸರಗಳು ಅಂಟಿಕೊಂಡಿರುವುದರಿಂದ ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಫಾಸ್ ಲೆಕ್ಕದ 36 ಕಿಲೋಡಾಲ್ಟನ್ನಿನಲ್ಲಿ ಸಿಗದೆ 45ರ ಆಸುಪಾಸಿನಲ್ಲಿ, ಹರಡಿದ ಪಟ್ಟಿಯಾಗಿ ಕಾಣುತ್ತದೆ.

ಹೊರಗಿನ ಮೊದಲ ಘಟಕದಲ್ಲಿ, ಲೈಗಂಡ್ ಬರುವ ಮೊದಲೇ ಗ್ರಾಹಿಗಳು ಮೂರರ ಗುಂಪಾಗಿ ಒಂದಕ್ಕೊಂದು ಅಂಟಿಕೊಳ್ಳಲು ಬೇಕಾದ ಜಾಗವಿದೆ. ಇದು 2000ದಲ್ಲಿ ಗೊತ್ತಾಯಿತು. ಈ ಭಾಗವನ್ನು ನೆನಪಿಟ್ಟುಕೊಳ್ಳಿ, ಕಾಯಿಲೆಯ ವಿಷಯ ಬಂದಾಗ ಬೇಕಾಗುತ್ತದೆ.

ಫಾಸ್ ಲೈಗಂಡ್ ಕೂಡ ಮೂರರ ಗುಂಪಾಗಿ ಇನ್ನೊಂದು ಕೋಶದ ಪೊರೆಯ ಮೇಲಿರುತ್ತದೆ. ಮೆಟಲೋಪ್ರೋಟಿಯೇಸ್ ಕಿಣ್ವ ಅದನ್ನು ಕತ್ತರಿಸಿ ದ್ರವಕ್ಕೆ ಬಿಟ್ಟರೆ ಅದು ಆಗಲೂ ಫಾಸ್‌ಗೆ ಅಂಟುತ್ತದೆ, ಆದರೆ ಕೊಲ್ಲುವ ಶಕ್ತಿ ಬಹುಪಾಲು ಹೋಗಿಬಿಡುತ್ತದೆ. ಪೊರೆಯ ಮೇಲಿದ್ದಾಗ ಅಕ್ಕಪಕ್ಕದ ಅನೇಕ ಗುಂಪುಗಳು ಎದುರಿನ ಫಾಸ್‌ಗಳನ್ನು ಒಂದೆಡೆ ಎಳೆಯುತ್ತವೆ. ಬಿಡಿಯಾದ ಗುಂಪಿಗೆ ಅದು ಸಾಧ್ಯವಿಲ್ಲ.

ಹೀಗೆ ಒಟ್ಟಾದ ಡೆತ್ ಡೊಮೇನ್‌ಗಳಿಗೆ ಫಾಡ್ ಎಂಬ ಪ್ರೋಟೀನ್ ಬಂದು ಕೂರುತ್ತದೆ. 2010ರ ಸ್ಫಟಿಕ ರಚನೆಯಲ್ಲಿ ಕಂಡದ್ದು ಐದು ಫಾಸ್, ಐದು ಫಾಡ್‌ಗಳ ಅಸಮ ಜೋಡಣೆ. ಫಾಡ್‌ನ ಇನ್ನೊಂದು ತುದಿ ಪ್ರೊಕ್ಯಾಸ್ಪೇಸ್-8 ಅನ್ನು, ಅಂದರೆ ಪ್ರೋಟೀನ್‌ಗಳನ್ನು ಕತ್ತರಿಸಿ ಕೋಶವನ್ನು ಕೊಲ್ಲುವ ಕ್ಯಾಸ್ಪೇಸ್ ಕಿಣ್ವಗಳಲ್ಲಿ ಒಂದರ ಇನ್ನೂ ಚುರುಕಾಗದ ರೂಪವನ್ನು, ಹಿಡಿಯುತ್ತದೆ. ಅದರ ಹಿಂದೆ ಇನ್ನಷ್ಟು ಪ್ರೊಕ್ಯಾಸ್ಪೇಸ್-8 ಸರಪಳಿಯಾಗಿ ಸೇರಿಕೊಂಡು, ಅಕ್ಕಪಕ್ಕ ಬಂದವು ಜೋಡಿಯಾಗಿ, ಪರಸ್ಪರ ಕತ್ತರಿಸಿ ಚುರುಕಾಗುತ್ತವೆ. ಕತ್ತರಿಸುವ ಶಕ್ತಿಯಿಲ್ಲದ ಸಿ-ಫ್ಲಿಪ್ ಎಂಬ ಪ್ರೋಟೀನ್ ಇದೇ ಸರಪಳಿಗೆ ನುಸುಳಿದರೆ ಫಲಿತಾಂಶ ಬದಲಾಗುತ್ತದೆ. ಥೈಮಸ್ ಕೋಶಗಳು ಸಾಯಲು ಚುರುಕಾದ ಕ್ಯಾಸ್ಪೇಸ್-8 ಇಷ್ಟೇ ಸಾಕು. ಯಕೃತ್ತಿನ ಕೋಶಗಳಲ್ಲಿ ಕ್ಯಾಸ್ಪೇಸ್-8 ಬಿಡ್ ಪ್ರೋಟೀನನ್ನು ಕತ್ತರಿಸಿ ಮೈಟೊಕಾಂಡ್ರಿಯದ ನೆರವನ್ನೂ ಪಡೆಯಬೇಕು, ಏಕೆಂದರೆ ಎಕ್ಸಿಯಾಪ್ ಎಂಬ ಪ್ರೋಟೀನ್ ಮುಂದಿನ ಕ್ಯಾಸ್ಪೇಸ್‌ಗಳನ್ನು ತಡೆದಿಟ್ಟಿರುತ್ತದೆ.

ಪ್ರಯೋಗಾಲಯದಲ್ಲಿ ಎಡವುವುದೂ ಎಷ್ಟು ಗ್ರಾಹಿಗಳು ಸೇರಿವೆ ಎಂಬ ಈ ಎಣಿಕೆಯಲ್ಲೇ. ಜರ್ಕಾಟ್ ಕೋಶಗಳಿಗೆ (ಪ್ರಯೋಗಾಲಯದಲ್ಲಿ ಬೆಳೆಸುವ ಮನುಷ್ಯರ ಟಿ ಕೋಶಗಳು) ಫಾಸ್‌ಗೆ ಅಂಟುವ ಸಿಎಚ್-11 ಪ್ರತಿಕಾಯವನ್ನು ಮಿಲಿಲೀಟರಿಗೆ 100 ನ್ಯಾನೋಗ್ರಾಂ ಹಾಕಿದರೆ ಸಾಮಾನ್ಯವಾಗಿ 4–6 ಗಂಟೆಗಳಲ್ಲಿ, ಸಾಯುತ್ತಿರುವ ಕೋಶಗಳನ್ನು ಗುರುತಿಸುವ ಅನೆಕ್ಸಿನ್-5 ಬಣ್ಣ ಹಿಡಿಯುತ್ತದೆ. ಸಿಎಚ್-11 ಐಜಿಎಂ ಬಗೆಯ ಪ್ರತಿಕಾಯ, ಹಲವು ಕೈಗಳಿಂದ ಗ್ರಾಹಿಗಳನ್ನು ಸೇರಿಸಬಲ್ಲದು. ಅದರ ಬದಲು ಎರಡೇ ಕೈಗಳ ಐಜಿಜಿ ಬಗೆಯದನ್ನು ಬಳಸಿದರೆ, ಪ್ರತಿಕಾಯಗಳನ್ನು ಹಿಡಿಯುವ ಪ್ರೋಟೀನ್-ಎ ಅಥವಾ ಎರಡನೇ ಪ್ರತಿಕಾಯದಿಂದ ಅದನ್ನು ಕೂಡಿಸದಿದ್ದಾಗ, ಏನೂ ಆಗದಿರಬಹುದು. ಜತೆಗೆ ಕೋಶ ಬೆಳೆಸುವ ತಟ್ಟೆಯ ಒಂದು ಗುಳಿಯಲ್ಲಿ ಕ್ಯಾಸ್ಪೇಸ್‌ಗಳನ್ನು ತಡೆಯುವ ಜೆಡ್-ವ್ಯಾಡ್ ಅನ್ನು 20 ಮೈಕ್ರೋಮೋಲಾರ್ ಮೊದಲೇ ಹಾಕಿಡಿ. ಅಲ್ಲೂ ಅಷ್ಟೇ ಸಾವು ಕಂಡರೆ ಕಾರಣ ಕ್ಯಾಸ್ಪೇಸ್ ಅಲ್ಲ. ಅನೆಕ್ಸಿನ್ ಅಂಟಲು ಕ್ಯಾಲ್ಸಿಯಂ ಬೇಕು. ತೊಳೆಯುವಾಗ ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಉಳಿದರೆ ಸಾಯುತ್ತಿರುವ ಕೋಶವೂ ಆರೋಗ್ಯವಾಗಿ ಕಾಣುತ್ತದೆ.

ಫಾಸ್ ಮತ್ತು ಅದಕ್ಕೆ ಅಂಟಿದ ಪ್ರೋಟೀನ್‌ಗಳ ಸಂಕೀರ್ಣವನ್ನು ಪ್ರತಿಕಾಯ ಅಂಟಿಸಿದ ಮಣಿಗಳಿಂದ ಎಳೆದು ತೆಗೆಯುವವರಿಗೆ ಬೇರೆ ತೊಡಕಿದೆ. ಪ್ರತಿಕಾಯದ ಭಾರಸರಪಳಿ ಜೆಲ್‌ನಲ್ಲಿ 50 ಕಿಲೋಡಾಲ್ಟನ್ ಹತ್ತಿರ ಬರುತ್ತದೆ. ಫಾಸ್ ಮತ್ತು 55ರ ಪ್ರೊಕ್ಯಾಸ್ಪೇಸ್-8 ಎರಡೂ ಅದರ ಅಕ್ಕಪಕ್ಕವೇ. ಬ್ಲಾಟ್ ಮಾಡುವಾಗ (ಜೆಲ್‌ನ ಪಟ್ಟಿಗಳನ್ನು ಪ್ರತಿಕಾಯದಿಂದ ಗುರುತಿಸುವಾಗ) ಬೇರೆ ಐಸೋಟೈಪಿನ, ಅಂದರೆ ಬೇರೆ ಬಗೆಯ, ಪ್ರತಿಕಾಯ ಬಳಸುವುದೇ ಸರಿ.

ಈಗ ಕಾಯಿಲೆ. ಆಲ್ಪ್ಸ್ ಎಂಬ ರೋಗದಲ್ಲಿ ಲಿಂಫ್ ಗ್ರಂಥಿಗಳೂ ಗುಲ್ಮವೂ ಊದಿಕೊಳ್ಳುತ್ತವೆ, ದೇಹ ತನ್ನದೇ ರಕ್ತಕಣಗಳನ್ನು ನಾಶಮಾಡುತ್ತದೆ, ಏಕೆಂದರೆ ಕೆಲಸ ಮುಗಿಸಿದ ಲಿಂಫೋಸೈಟ್‌ಗಳು ಸಾಯುವುದಿಲ್ಲ. ಹೆಚ್ಚಿನ ರೋಗಿಗಳಲ್ಲಿ ಫಾಸ್ ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿರುತ್ತದೆ. ಅರ್ಧ ಒಳ್ಳೆಯದಿದ್ದರೂ ಏಕೆ ಸಾಲದು? ಡೆತ್ ಡೊಮೇನ್ ಕೆಟ್ಟ ಫಾಸ್‌ನಲ್ಲಿ ಹೊರಗಿನ ಅಂಟುವ ಭಾಗ ಸರಿಯಾಗಿಯೇ ಇರುವುದರಿಂದ ಅದು ಒಳ್ಳೆಯವುಗಳ ಜತೆ ಸೇರಿಬಿಡುತ್ತದೆ. ಮೂರೂ ಒಳ್ಳೆಯದಾಗಿರುವ ಗುಂಪು ಎಂಟರಲ್ಲಿ ಒಂದೇ. ಉಳಿದ ಏಳರಲ್ಲಿ ಒಂದಾದರೂ ಕೆಟ್ಟದ್ದು ಇದ್ದೇ ಇರುತ್ತದೆ. ಕೆಟ್ಟ ಪ್ರತಿಯಿಂದ ಪ್ರೋಟೀನೇ ತಯಾರಾಗದಿದ್ದರೆ ಈ ಕೆಡುಕು ಇಲ್ಲ, ರೋಗವೂ ಕಾಣಿಸಿಕೊಳ್ಳುವುದು ಕಡಿಮೆ.

ರೋಗದ ಪತ್ತೆಗೆ ಸಿಡಿ4, ಸಿಡಿ8 ಎಂಬ ಗುರುತಿನ ಪ್ರೋಟೀನ್‌ಗಳು ಎರಡೂ ಇಲ್ಲದ, ಆಲ್ಫಾ-ಬೀಟಾ ಗ್ರಾಹಿಯ ಟಿ ಕೋಶಗಳನ್ನು ಎಣಿಸುತ್ತಾರೆ. ಒಟ್ಟು ಲಿಂಫೋಸೈಟ್‌ಗಳಲ್ಲಿ 1.5% ಅಥವಾ ಹೆಚ್ಚಿದ್ದರೆ ಅನುಮಾನ ಬಲವಾಗುತ್ತದೆ. ಬಿ12 ವಿಟಮಿನ್ ಮಟ್ಟವೂ ಏರಿರುತ್ತದೆ. ಇಡೀ ರಕ್ತದ ಡಿಎನ್‌ಎಯಲ್ಲಿ ಫಾಸ್ ಜೀನ್ ಸರಿಯಿದೆ ಎಂದು ವರದಿ ಬಂದರೆ ಅಲ್ಲಿಗೇ ನಿಲ್ಲಿಸಬಾರದು. ಕೆಲವರಲ್ಲಿ ದೋಷ ಹುಟ್ಟಿನಿಂದ ಬಂದಿರದೆ ಕೆಲವು ರಕ್ತಕೋಶಗಳಲ್ಲಷ್ಟೇ ಇರುತ್ತದೆ. ಅದನ್ನು ಹಿಡಿಯಲು ಆ ಟಿ ಕೋಶಗಳನ್ನೇ ಬೇರ್ಪಡಿಸಿ, ಅವುಗಳ ಡಿಎನ್‌ಎಯನ್ನು ಓದಬೇಕು.